ಎಂಟರ ಬೋಲ್ಟು, ಕಾಚಂಪುಳಿ

ಭಾನುವಾರ ಎಂಟೂವರೆ. ಕಣದ ತುಂಬ ಕಾಫಿ ಹರಡಿದೆ,
ಕಾರಿಗೆ ಉಳಿದದ್ದು ಹಲಸಿನ ಮರದಡಿ ಒಂದು ಓರೆ ಜಾಗ.
ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟೆ,
ನೆಲದಲ್ಲಿರುವಾಗಲೇ ನಟ್ಟು ಸಡಿಲಿಸಿ, ಆಮೇಲೆ ಜಾಕು,
ಜಾಕನ್ನು ನಂಬದೆ ಸಿಲ್ವರ್ ಓಕಿನ ಒಂದು ದಿಮ್ಮಿ.

ಹದಿನೈದು ದಿನದಿಂದ ಆರ್ಜಿ ಕಡೆಯ ಇಳಿಜಾರಿನಲ್ಲಿ
ಬ್ರೇಕು ಒತ್ತಿದರೆ ಸ್ಟಿಯರಿಂಗು ನಡುಗುತ್ತಿತ್ತು,
ಚಳಿಜ್ವರದವರ ಕೈ ಹಿಡಿದ ಹಾಗೆ.
ವಿರಾಜಪೇಟೆಯ ಗ್ಯಾರೇಜಿನವ ಗುರುವಾರ ಬನ್ನಿ ಎಂದ.
ಯಾವ ಗುರುವಾರ ಎಂದು ಹೇಳಲಿಲ್ಲ.
ಗಂಡ ಅಮ್ಮತ್ತಿಯಲ್ಲಿ, ಹಾಕಿ ಪಂದ್ಯಕ್ಕೆ ಸೀಟಿ ಊದಲು.
ಹೊಸ ಡಿಸ್ಕು ಎರಡು ಎಣ್ಣೆಕಾಗದ ಹೊದ್ದು
ಡಿಕ್ಕಿಯಲ್ಲಿ ಮಲಗಿದ್ದವು.

ಎಡಗಡೆಯ ಕ್ಯಾಲಿಪರ್ ಬಿಚ್ಚಿದೆ.
ಪೈಪಿನಲ್ಲಿ ಜೋತುಬೀಳಲು ಬಿಡಬಾರದು ಅದನ್ನು,
ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿದೆ.
ಹೊಕ್ಕುಳಬಳ್ಳಿಯ ಮೇಲೆ ಭಾರ ಬಿಡಬಾರದೆಂದು
ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಆಮೇಲೆ ಡಿಸ್ಕು. ಬರಲಿಲ್ಲ.
ಎಳೆದೆ. ಅಲ್ಲಾಡಿಸಿದೆ. ಬೈದೆ. ಬರಲಿಲ್ಲ.
ಒಂಬತ್ತು ಮಳೆಗಾಲ ಸೇರಿ ಅದನ್ನು ಹಬ್‌ಗೆ ಕಚ್ಚಿಸಿದ್ದವು,
ನಡುವೆ ಕೆಂಪು ತುಕ್ಕು, ಹಕ್ಕಳೆ ಕಟ್ಟಿದ ಗಾಯದ ಹಾಗೆ.

ಬೇಲಿಯಾಚೆಯಿಂದ ಮೊಯ್ದುಟ್ಟಿ,
"ಹೊಡೀರಿ ಸಿಸ್ಟರೇ, ಹೊಡೆದರೆ ಬರುತ್ತೆ."
ಹೊಡೆದೆ. ಸ್ಟಡ್ಡು ತಪ್ಪಿಸಿ, ನಡುವಿನ ಜಾಗ ನೋಡಿ,
ಒಂದು ಸುತ್ತು, ಇನ್ನೊಂದು ಸುತ್ತು.
ನಾಯಿ ಓಡಿತು. ಕಾಫಿ ಕೆದಕುತ್ತಿದ್ದ ಪಾಲಿ ತಿರುಗಿ ನಕ್ಕಳು.
ಬೆರಳ ಗೆಣ್ಣು ಸುಲಿಯಿತು.
ಡಿಸ್ಕು ಶಾಲೆಯ ಗಂಟೆಯಂತೆ ದನಿ ಕೊಟ್ಟಿತು, ಅಷ್ಟೇ.
"ಹಾಗಲ್ಲ" ಎಂದ ಮೊಯ್ದುಟ್ಟಿ.
ಬೇಲಿ ದಾಟಿ ಮಾತ್ರ ಬರಲಿಲ್ಲ.

ತುಕ್ಕಿನ ಎಣ್ಣೆಯ ಡಬ್ಬಿ ಖಾಲಿ. ಆಗ ಬಂದರು ಅತ್ತೆ,
ಚೋಂದಮ್ಮ, ಎಂಬತ್ತೊಂದು, ಕೈಯಲ್ಲಿ ಕಾಚಂಪುಳಿಯ ಬಾಟಲಿ,
ಮಧ್ಯಾಹ್ನದ ಪಂದಿಗೆಂದು ತೆಗೆದದ್ದು.
"ಪೀಚೆಕತ್ತಿಗೆ ತುಕ್ಕು ಹಿಡಿದರೆ ನಮ್ಮಪ್ಪ ಇದನ್ನೇ ಬಿಡುತ್ತಿದ್ದ."
ಕಾರು ಪೀಚೆಕತ್ತಿಯಲ್ಲ ಎಂದೆ.
"ಕಬ್ಬಿಣ ಕಬ್ಬಿಣವೇ" ಎಂದು ನನ್ನ ಕೈಗೆ ಬಾಟಲಿ ಕೊಟ್ಟು,
ಕೈಯನ್ನು ತಾವೇ ಹಿಡಿದು ಬಗ್ಗಿಸಿದರು.
ಕಪ್ಪಗೆ, ಮಂದವಾಗಿ, ಮೂಗು ಸುಡುವ ಹುಳಿ
ಹಬ್‌ನ ಸುತ್ತ ಇಳಿಯಿತು.

ಇಪ್ಪತ್ತು ನಿಮಿಷ ಕಾಯಬೇಕಂತೆ. ಕಾದೆ.
ಕೆಲಸವಿಲ್ಲದ ಕಣ್ಣಿಗೆ ಆಗ ಕಂಡದ್ದು:
ಡಿಸ್ಕಿನ ಮುಖದಲ್ಲಿ ಎರಡು ಮಚ್ಚೆ.
ಸೂಜಿಯಲ್ಲಿ ಕೆದಕಿದರೆ ಮಚ್ಚೆಯಲ್ಲ, ತೂತು,
ಒಳಗೆ ಥ್ರೆಡ್ಡು, ಹೊಚ್ಚ ಹೊಸದರಂತೆ.
ಮುಂದೆ ಬಿಚ್ಚುವವರು ಬರುತ್ತಾರೆಂದು
ಮಾಡಿದವನು ಬಿಟ್ಟುಹೋದದ್ದು.
ಒಂದು ಗಂಟೆ ಅದರ ಪಕ್ಕದಲ್ಲೇ ಹೊಡೆದಿದ್ದೆ.

ಎಂಟರ ಬೋಲ್ಟು ಎರಡು, ಹಳೆಯ ಪಲ್ಪರಿನವು, ಸಿಕ್ಕಿದವು.
ಇದಕ್ಕೆ ಕಾಲು ತಿರುವು, ಅದಕ್ಕೆ ಕಾಲು ತಿರುವು.
ಇದಕ್ಕೆ, ಅದಕ್ಕೆ.
ಕೂಗಾಡಬೇಡಿ, ಅವಳು ಉಸಿರು ಬಿಡಲಿ, ಎಂದು
ಲೇಬರ್ ವಾರ್ಡಿನ ಹೊಸ ಹುಡುಗಿಯರಿಗೆ ನಾನೇ ಹೇಳುತ್ತೇನಲ್ಲ.
ಇದಕ್ಕೆ.
ಅದಕ್ಕೆ.
ಟಪ್.

ಮಡಿಲಿಗೆ ಬಿತ್ತು. ನಾಲ್ಕೂವರೆ ಕೇಜಿ ಇದ್ದೀತು,
ಕೈಯಲ್ಲೇ ತೂಗುವುದು ರೂಢಿ.

"ನೋಡಿದೆಯಾ" ಎಂದರು ಅತ್ತೆ, ಬಾಟಲಿ ತೋರಿಸಿ.
ಬೋಲ್ಟು, ಎಂದೆ.
"ಹೊಡೆದರೆ ಬರುತ್ತೆ ಅಂದೆನಲ್ಲ" ಎಂದ ಮೊಯ್ದುಟ್ಟಿ.
ಪಾಲಿಯನ್ನು ಕೇಳಿದೆವು. ಅವಳು ಕಾಫಿ ತಿರುವಿ ಹಾಕಿದಳು.

ಬಲಗಡೆಯದು ಇನ್ನೂ ಬಾಕಿ.
ಬಾಟಲಿಯಲ್ಲಿ ಎರಡು ಬೆರಳಿನಷ್ಟು ಉಳಿದಿತ್ತು.
ಗಾಲಿಗೋ ಪಂದಿಗೋ, ಎಂದು ಅತ್ತೆ ಕೇಳಿದರು.
ಪಂದಿಗೆ ಎಂದೆ, ತೂತುಗಳನ್ನು ಹುಡುಕುತ್ತ.
ಹೋಗುವಾಗ ಅರ್ಧದಷ್ಟನ್ನು ಬಲಗಾಲಿಯ ಬಳಿ
ಕಾಫಿಲೋಟಕ್ಕೆ ಬಗ್ಗಿಸಿಟ್ಟೇ ಹೋದರು.
ಅಡುಗೆಮನೆಯ ಗೂಡಿನಲ್ಲಿ ಈಗಲೂ ಇದೆ ಆ ಬಾಟಲಿ,
ಗ್ರೀಸಿನ ನನ್ನ ಹೆಬ್ಬೆರಳ ಸಮೇತ.