ಖಾನೇಷುಮಾರಿ

ತೊಂಬತ್ತೇಳರಲ್ಲಿ ದಾವಣಗೆರೆ ಜಿಲ್ಲೆಯಾಯಿತು.
ಅದಕ್ಕೂ ಮೊದಲು ಹುಟ್ಟಿ ಸತ್ತವರೆಲ್ಲ
ಇನ್ನೂ ದುರ್ಗದಲ್ಲೇ ಇದ್ದಾರೆ,
ಕಪಾಟಿನ ಮೇಲಿನಿಂದ ಮೂರನೇ ಹಲಗೆ,
ಕೆಂಪು ಬಟ್ಟೆಯ ಗಂಟು.

ತಮ್ಮನ ಮಗಳ ಜಾತಿ ಸರ್ಟಿಫಿಕೇಟಿಗೆ ವಂಶವೃಕ್ಷ ಬೇಕು.
ಪಿಂಜಾರರು ಅನ್ನುವುದಕ್ಕೆ ಪುರಾವೆ ಏನು, ಅಂದರು ನಾಡಕಚೇರಿಯಲ್ಲಿ.
ಅಟ್ಟದ ಮೇಲೊಂದು ಹತ್ತಿ ಎಕ್ಕುವ ಬಿಲ್ಲಿದೆ,
ತಂತಿ ಹರಿದದ್ದು.
ಅದನ್ನು ಜೆರಾಕ್ಸ್ ಮಾಡಿಸಲು ಬರುವುದಿಲ್ಲ.

ಮೊದಲು ಸಿಕ್ಕದ್ದು ಟ್ರಂಕಿನ ತಳದ ನಿಕಾಹಿನ ಕಾಗದ.
ಆಜಾದ್ ನಗರದ ಮುದುಕರೊಬ್ಬರು ಬಲದಿಂದ ಓದಿದರು,
ನಾನು ಎಡದಿಂದ ಬರೆದುಕೊಂಡೆ:
ಹುಸೇನ್‌ಬೀ, ಫಕ್ರುಸಾಬರ ಮಗಳು,
ಮಹರ್ ಇಪ್ಪತ್ತೊಂದು ರೂಪಾಯಿ, ಒಂದು ಜೊತೆ ಬೆಳ್ಳಿ ಕಡಗ.
ಅವರ ಬೆರಳು, ನನ್ನ ಪೆನ್ನು
ಅಜ್ಜಿಯ ಹೆಸರಿನ ನಡುವೆ ಎಲ್ಲೋ ಎದುರಾದವು.
ಪಕ್ಕದಲ್ಲಿ ಹೆಬ್ಬೆಟ್ಟು. ಅದಕ್ಕೆ ಕಾಗುಣಿತವಿಲ್ಲ.

ದುರ್ಗದ ರೆಕಾರ್ಡ್ ರೂಮಿನಲ್ಲಿ
ಗಾದ್ರಪ್ಪ ಗಂಟು ಬಿಚ್ಚಿ ಧೂಳು ಕೊಡವಿದ.
"ಹೆಸರು ಹುಡುಕಬ್ಯಾಡ್ರಿ ಅಮ್ಮ, ಮನಿ ಹುಡುಕ್ರಿ.
ಹೆಸರು ಬರೆದೋನು ಬ್ಯಾರೆ ಊರೋನಿರ್ತಾನೆ."

ನಲವತ್ತೊಂದರ ಖಾನೇಷುಮಾರಿಯಲ್ಲಿ ಉಸಿನವ್ವ.
ತಪ್ಪು ಬರೆದವನದಲ್ಲ;
ಹತ್ತಿಯನ್ನು ಅತ್ತಿ ಅನ್ನುವ ಬಾಯಿ ನಮ್ಮದು.
ಬಾಗಿಲಲ್ಲಿ ನಿಂತು ಯಾರೋ ಹೇಳಿದರು,
ಕೇಳಿಸಿದಷ್ಟನ್ನು ಅವನು ಬರೆದ.
ಐವತ್ತೊಂದರಲ್ಲಿ ವಸನಮ್ಮ.
ಮಿಲ್ಲಿನ ಪಗಾರದ ಪಟ್ಟಿಯಲ್ಲಿ
ಉಸೇನಪ್ಪ, ಗಂಡು, ದಿನಕ್ಕೆ ಹನ್ನೆರಡಾಣೆ.
ಹೆಣ್ಣೆಂದು ಬರೆದಿದ್ದರೆ ಎಂಟಾಣೆಯಂತೆ;
ಆ ಒಂದು ತಪ್ಪನ್ನು ಅಜ್ಜಿ
ಕೊನೆಯವರೆಗೂ ತಿದ್ದಿಸಲಿಲ್ಲ.

ಹೀಗೆ ಮೂವರು ಹೆಂಗಸರು, ಒಬ್ಬ ಗಂಡಸು.
ಒಂದೇ ಒಲೆ.

ಉಸಿನವ್ವನ ಕೆಳಗಿನ ಸಾಲು:
ಮಗ, ಮಾಬುಸಾಬಿ, ವಯಸ್ಸು ನಾಲ್ಕು.
ಅಪ್ಪ! ಎಂದು ಬರೆದುಕೊಂಡೆ.
ವಸನಮ್ಮನ ಕೆಳಗೆ:
ಮಗ, ಮಾಬುಸಾಬಿ, ವಯಸ್ಸು ನಾಲ್ಕು.
ಹತ್ತು ವರ್ಷ ಕಳೆದರೂ ನಾಲ್ಕೇ.
ಗಾದ್ರಪ್ಪ ನಕ್ಕ, ನಾನೂ ನಕ್ಕೆ.
ಹಳೇದನ್ನೇ ನೋಡಿ ನಕಲು ಹೊಡೆದಿದ್ದಾನೆ ಸೋಮಾರಿ, ಅಂದೆ.
ಬಸ್ಸು ಭರಮಸಾಗರ ದಾಟುವವರೆಗೂ
ತುಟಿಯಲ್ಲಿ ಆ ನಗು ಇತ್ತು.

ಎಂಬತ್ತೈದರ ಇಮಾಂಬಿ ಅತ್ತೆ ಮಂಡಕ್ಕಿ ಕೇರುತ್ತಿದ್ದಳು.
ಮೊರ ನಿಲ್ಲಿಸದೆಯೇ ಹೇಳಿದಳು:
"ಅವನು ಬ್ಯಾರೆ. ದೊಡ್ಡೋನು.
ಕಾಲರಾ ಬಂದಾಗ ಹೋದ, ನಿಮ್ಮಪ್ಪ ಹುಟ್ಟೋಕೂ ಮೊದ್ಲು.
ಹೆಸರು ಚಲೋ ಇತ್ತು,
ಸುಮ್ನೆ ಯಾಕೆ ಹಾಳು ಮಾಡೋದು ಅಂತ ಮತ್ತೆ ಇಟ್ರು."

ಮತ್ತೆ ಇಟ್ಟರು.
ಅವನ ಅಂಗಿಯನ್ನೂ ತೆಗೆದಿಟ್ಟಿರಬೇಕು,
ಅವನು ಮಲಗಿದ್ದ ಗಾದಿಯ ಹತ್ತಿಯನ್ನೂ ಬಿಡಿಸಿ,
ಮತ್ತೊಮ್ಮೆ ಎಕ್ಕಿ, ಹೊಸ ಬಟ್ಟೆಗೆ ತುಂಬಿರಬೇಕು.
ಹೆಸರು ಹಿಡಿದು ಕರೆದರೆ ಅಪ್ಪ
ಒಂದು ಗಳಿಗೆ ತಡೆದು ಓಗೊಡುತ್ತಿದ್ದ.
ಕಿವಿ ಮಂದ ಅಂದುಕೊಂಡಿದ್ದೆವು ನಾವು,
ಅರವತ್ತೆಂಟಕ್ಕೆ ಅವನು ಹೋಗುವವರೆಗೂ.

ವಂಶವೃಕ್ಷದ ನಮೂನೆ ತುಂಬಿಸಿದೆ.
ಹುಸೇನ್‌ಬೀ ಉರುಫ್ ಉಸಿನವ್ವ ಉರುಫ್ ವಸನಮ್ಮ.
ಉಸೇನಪ್ಪನನ್ನು ಬರೆಯಲಿಲ್ಲ;
ಮಿಲ್ಲು ಮುಚ್ಚಿ ಹೋಗಿರಬಹುದು,
ಆದರೂ ಯಾರಿಗೆ ಗೊತ್ತು,
ದಿನಕ್ಕೆ ನಾಲ್ಕಾಣೆಯಂತೆ ವಾಪಸು ಕೇಳಿದರೆ?
ಮಕ್ಕಳು: ಮಾಬುಸಾಬಿ. ಇಮಾಂಬಿ. ಮಾಬುಸಾಬಿ.

ಗ್ರಾಮಲೆಕ್ಕಿಗ ಕನ್ನಡಕ ಏರಿಸಿ,
"ಎರಡು ಸಲ ಬರೆದೀರಲ್ಲ" ಎಂದು
ಕೆಂಪು ಪೆನ್ನಿನಿಂದ ಒಂದನ್ನು ಹೊಡೆದುಹಾಕಿದ.

ಇಲ್ಲ ಸಾರ್, ಇಬ್ಬರು, ಅನ್ನಲು ಬಾಯಿ ತೆರೆದವಳು
ಮೊದಲು ಬಗ್ಗಿ ನೋಡಿದೆ, ಹೊಡೆದದ್ದು ಯಾರನ್ನು ಎಂದು.
ಗೆರೆ ಬಿದ್ದದ್ದು ಕೊನೆಯವನ ಮೇಲೆ.
ಮೊಹರು ಒತ್ತಲು ಅವನು ಡಬ್ಬಿ ತೆರೆಯುತ್ತಿದ್ದಾನೆ.
ಇನ್ನೊಂದು ಗಳಿಗೆ ಸುಮ್ಮನಿದ್ದರೆ ನಾನು
ನಾಲ್ಕು ವರ್ಷದ ಹುಡುಗನ ಮಗಳು.