ಕೇಳಿಸಿದರೆ ಒತ್ತಿ

ಫಹಾಹೀಲಿನ ಕ್ಲಿನಿಕ್ಕಿನಲ್ಲಿ ನನ್ನದೊಂದು ಪೆಟ್ಟಿಗೆಯಂಥ ಕೋಣೆ.
ಗೋಡೆಗೆ ಸ್ಪಂಜು, ಬಾಗಿಲಂಚಿಗೆ ರಬ್ಬರು,
ಒಳಗೊಂದು ಕುರ್ಚಿ, ಹೆಡ್‌ಫೋನು, ಕೈಗೊಂದು ಗುಂಡಿ.
ಗಾಜಿನ ಈಚೆ ನಾನು.
ಹನ್ನೊಂದು ವರ್ಷದಿಂದ ದಿನವಿಡೀ ಹೇಳುವುದು ಒಂದೇ ಮಾತು,
ಹಿಂದಿಯಲ್ಲಿ, ಅರಬ್ಬಿಯಲ್ಲಿ, ಮುರುಕು ಬಂಗಾಳಿಯಲ್ಲಿ:
ಕೇಳಿಸಿದರೆ ಒತ್ತಿ. ಕೇಳಿಸದಿದ್ದರೆ ಸುಮ್ಮನಿರಿ.

ಮಂಗಳವಾರ ಬಂದವನು ತಾಯಪ್ಪ, ಶಹಾಪುರದ ಕಡೆಯವನು.
ಅಹ್ಮದಿಯಲ್ಲಿ ಎಣ್ಣೆ ಟ್ಯಾಂಕುಗಳ ಹೊಟ್ಟೆಯೊಳಗೆ ನಿಂತು
ತುಕ್ಕು ಕೆರೆಯುವ ಕೆಲಸ.
ಹುಬ್ಬಿನಲ್ಲಿ ಇನ್ನೂ ಕೆಂಪು ಪುಡಿ.
ಫಾರಂ ನೋಡಿ ಕನ್ನಡದಲ್ಲೇ ಮಾತಾಡಿಸಿದೆ,
ಮುಖ ಅರಳಿತು, ನನ್ನ ತುಟಿಯಿಂದ ಕಣ್ಣು ಕೀಳಲೇ ಇಲ್ಲ.
ಕನ್ನಡ ಕೇಳಿದ ಖುಷಿ ಅಂದುಕೊಂಡೆ.

ಕೆಳಗಿನ ಸ್ವರ ಕೊಟ್ಟೆ, ಒತ್ತಿದ.
ಮೇಲಿನದು ಕೊಟ್ಟೆ, ಒತ್ತಿದ.
ಇನ್ನೂ ಮೇಲೆ, ಹಕ್ಕಿಮರಿಯ ಚೀರಿನಷ್ಟು ಸಣ್ಣದು,
ಒತ್ತಿದ.
ಅನುಮಾನ ಬಂತು. ಏನೂ ಕೊಡದೆ ಕೂತೆ.
ಒತ್ತಿದ.
ಮತ್ತೆ ಒತ್ತಿದ, ಒಂದೇ ಲಯದಲ್ಲಿ,
ಕಂಪನಿ ಬಸ್ಸಿನಲ್ಲಿ ನಿದ್ದೆ ಹೋದವನ ತಲೆ ತೂಗುವ ಹಾಗೆ.

ಬಾಗಿಲು ತೆರೆದು ಗದರಿದೆ:
ಇಲ್ಲದ್ದಕ್ಕೆ ಯಾಕೆ ಒತ್ತುತ್ತೀರಿ?
"ಕೆಲಸ ಹೋಗ್ತದ್ರೀ ಅಕ್ಕಾರ."
ಸ್ವಲ್ಪ ಹೊತ್ತು ಗುಂಡಿಯನ್ನೇ ನೋಡಿದ.
"ಮಗಳು ಫೋನ್ ಮಾಡ್ತಾಳ. ಶಶಿಕಲಾ. ನಾನಽ ಇಟ್ಟ ಹೆಸರು.
ಈಗ ಆ ಹೆಸರಿನಾಗಿನ ಶ ನನಗ ಕೇಳ್ಸೂದಿಲ್ಲ.
ಆಕಿ ಏನಂದ್ರೂ ಹ್ಞೂ ಅಂತೀನಿ.
ಹ್ವಾದ ವಾರ ಅಳಾಕತ್ತಿದ್ಲಂತ. ನಕ್ಕೋಂತ ಹ್ಞೂ ಅಂದ್ನಿ.
ಆಕಿ ಅವ್ವ ಬರದು ಕಳಿಸಿದ ಮ್ಯಾಲೆ ಗೊತ್ತಾತು."

ವಿಡಿಯೋದಲ್ಲಿ ಮಾತಾಡಿ, ಬಾಯಿ ಕಾಣುತ್ತದೆ ಅಂದೆ,
ಅವನ ಎದುರಿಗೆ ನಿಂತು, ನಿಧಾನಕ್ಕೆ.
"ನೆಟ್ ನಿಂತ್ರ ಆಕಿ ಬಾಯಿನೂ ನಿಲ್ತದ್ರೀ.
ತೆರದದ್ದು ತೆರದಂಗಽ ಇರ್ತದ.
ಏನ್ ಹೇಳಾಕ ತೆರದಿದ್ಲೋ."

ಎರಡನೆಯ ಸಲ ನಿಜವಾಗಿ ಕೂತ.
ನಾಲ್ಕು ಸಾವಿರದ ಹತ್ತಿರ ಗೆರೆ
ಹಗ್ಗ ಕಡಿದ ಕೊಡದಂತೆ ಇಳಿದುಹೋಯಿತು.
ಇದ್ದದ್ದನ್ನೇ ಬರೆದೆ. ಅದರ ಕೆಳಗೆ,
ಗದ್ದಲದಿಂದ ದೂರದ ಕೆಲಸ ಕೊಡಿ ಎಂದೂ ಬರೆದೆ.
ಯಾರು ಓದುತ್ತಾರೋ.

ಸಂಜೆ, ಮಂಗಾಫಿನ ಮನೆ.
ಜಯಕರ ಬಂಗುಡೆ ಸೀಳುತ್ತ ಏನೋ ಹೇಳುತ್ತಿದ್ದ.
ನನ್ನ ಹೆಬ್ಬೆರಳು ಫೋನಿನ ಮೇಲೆ.
ಹ್ಞೂ, ಅಂದೆ.
ಅಂದದ್ದು ನನಗೇ ಕೇಳಿಸಿತು,
ಖಾಲಿ ಕೋಣೆಯಲ್ಲಿ ಯಾರೋ ಗುಂಡಿ ಒತ್ತಿದ ಹಾಗೆ.

ಫೋನು ಮಗುಚಿಟ್ಟು ಕೇಳಿದೆ: ಏನಂದಿ?
"ಏನಿಲ್ಲ, ಬಿಡು."
ಮಂಗಳೂರಿನ ಕಾಲೇಜಿನಲ್ಲಿ ಕಲಿಸಿದ್ದರು,
ಸ್ವರ ಕೊಟ್ಟ ಮೇಲೆ ಕಾಯಬೇಕು,
ಅವಸರದವರ ನಕ್ಷೆ ಯಾವಾಗಲೂ ತಪ್ಪು.
ಕಾದೆ.
"ಗುರುವಾರ ಸಾಲ್ಮಿಯಾಕ್ಕೆ ಟ್ಯಾಕ್ಸಿಯಲ್ಲೇ ಹೋಗುವ ಅಂದೆ."
ಸೋಮಾರಿ ಎಂಬ ಪದ ಹಲ್ಲಿನ ಹಿಂದೆ ಬಂದು ನಿಂತಿತ್ತು.
ತಿಂಗಳುಗಳಿಂದ ಅದಕ್ಕೆ ಅಲ್ಲೇ ಜಾಗ.
ಈ ಸಲ ನುಂಗಿದೆ, ಮೀನಿನ ಮುಳ್ಳಿನಂತೆ ಗೀರಿಕೊಂಡು ಇಳಿಯಿತು.

ಅವನು ಕೈ ತೊಳೆದ. ಮತ್ತೆ ತೊಳೆದ.
"ರಾತ್ರಿ ಸ್ಟಿಯರಿಂಗ್ ಹಿಡಿದರೆ ಕೈ ನಡುಗುತ್ತದೆ,
ಆ ಹುಡುಗನ ಗಾಡಿ ಮಗುಚಿದ್ದು ನೋಡಿದ ಮೇಲೆ."
ಯಾವ ಹುಡುಗ? ಯಾವಾಗ?
"ರಂಜಾನಿನಲ್ಲಿ. ಹೇಳಿದ್ದೆನಲ್ಲ.
ನೀನು ಹ್ಞೂ ಅಂದಿದ್ದಿ."

ಏಸಿ ನಿಂತಿತು, ಮತ್ತೆ ಶುರುವಾಯಿತು.
ಮೊದಲಿಂದ ಹೇಳು, ಅಂದೆ.
ಅವನು ಸ್ಟೂಲು ಎಳೆದು ಕೂತ.
ಎಲ್ಲಿಂದ ಹಿಡಿಯುವುದೆಂದು ತಿಳಿಯದೆ
ತೆರೆದ ಬಾಯಿ ತೆರೆದ ಹಾಗೇ ಇತ್ತು.
ನಾನು ಎರಡೂ ಕೈ ಮಡಿಲಲ್ಲಿಟ್ಟುಕೊಂಡು
ಆ ತುಟಿಗಳನ್ನೇ ನೋಡುತ್ತ ಕೂತೆ.