ಉಲ್ಲೇಖ: ಹನ್ನೊಂದು

ಡಂಡೀ, ಮಾರ್ಚಿ. ಗ್ರಂಥಾಲಯದ ಹೀಟರಿಗೆ ಕೆಮ್ಮು.
ಬಡ್ತಿ ಸಮಿತಿಗೆ ಲೆಕ್ಕ ಕೊಡಬೇಕು ನಾನು:
ಮೊರಾಗ್ ಗೆಡ್ಡಿಸ್. ಹಡಗಿನ ತಳಕ್ಕಂಟುವ ಬಾರ್ನಕಲ್‌ಗಳ ಮೇಲೆ
ಇಪ್ಪತ್ತಾರು ವರ್ಷ.

ಉಲ್ಲೇಖ ಹನ್ನೊಂದು.
ನಾಲ್ಕು ಅವಳವೇ, ತನ್ನ ಬೆನ್ನು ತಾನೇ ತಟ್ಟಿಕೊಂಡದ್ದು.
ಮೂರು, ಅವಳದು ತಪ್ಪು ಎನ್ನಲು.
ಯಂತ್ರಕ್ಕೇನು,
ಬೈದರೂ ಒಂದು, ಹೊಗಳಿದರೂ ಒಂದು.
ಚಿಲಿಯವನೊಬ್ಬ ಹೆಸರಿನ ಬಾಲ ಕತ್ತರಿಸಿ
ಗೆಡ್ಡೆ ಎಂದು ಅಚ್ಚುಹಾಕಿಸಿದ;
ಆ ಗೆಡ್ಡೆ ಯಾರ ಖಾತೆಯಲ್ಲೂ ಮೊಳೆಯಲಿಲ್ಲ.

ನಿನ್ನೆ ಬ್ರಾಟಿ ಫೆರಿಯ ದಕ್ಕೆಯಲ್ಲಿ
ದೋಣಿಯ ಹೊಟ್ಟೆ ಹೆರೆಯುತ್ತಿದ್ದವನ ಶೆಡ್ಡಿನೊಳಗೆ
ಅವಳ ಮೂರನೇ ಕೋಷ್ಟಕ, ಮೈತುಂಬ ಎಣ್ಣೆಬೆರಳು,
ಗೋಡೆಗೆ ಮೊಳೆ ಹೊಡೆದಿತ್ತು.
"ಇದನ್ನ ನೋಡಿಯೇ ದಿನ ಗೊತ್ತುಮಾಡೋದು."
ಬರೆದವರು ಯಾರೋ, ಅವನು ಕೇಳಿಲ್ಲ.

ನಮೂನೆಯಲ್ಲಿ ಮೊಳೆಗೆ ಕಾಲಮ್ಮಿಲ್ಲ.
ಹನ್ನೊಂದು ಎಂದು ತುಂಬಿದೆ.
ಸಹಿಯ ಹತ್ತಿರ ಪೆನ್ನು
ಕಾಗದವನ್ನು ಸ್ವಲ್ಪ ಹೆರೆಯಿತು.